ಅಂಗಾಂಗ ಕಸಿಯಾದವರಲ್ಲಿ ಮಿದುಳು ಮತ್ತು ನರಗಳ ತೊಂದರೆ: ಮನೆಯವರು ಗಮನಿಸಬೇಕಾದದ್ದು, ಮಾಡಬೇಕಾದದ್ದು

ಮೂತ್ರಪಿಂಡ, ಯಕೃತ್ತು ಅಥವಾ ಹೃದಯದ ಕಸಿ ಮಾಡಿಸಿಕೊಂಡು ಬೆಂಗಳೂರಿನಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಮರಳಿದ ಕುಟುಂಬದ ಗಮನವೆಲ್ಲ ಹೊಸ ಅಂಗದ ಮೇಲೆಯೇ ಇರುತ್ತದೆ. ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಮೂತ್ರ ಎಷ್ಟು ಹೋಯಿತು, ಹೊಲಿಗೆ ಒಣಗಿತೇ ಎಂಬ ಪ್ರಶ್ನೆಗಳಲ್ಲೇ ಮೊದಲ ತಿಂಗಳುಗಳು ಕಳೆಯುತ್ತವೆ. ಆದರೆ ಕಸಿಯಾದವರಲ್ಲಿ ಸರಿಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ, ಯಕೃತ್ತಿನ ಕಸಿಯಲ್ಲಿ ಇನ್ನೂ ಹೆಚ್ಚಿನವರಿಗೆ, ಒಂದಲ್ಲ ಒಂದು ಹಂತದಲ್ಲಿ ಮಿದುಳಿಗೆ ಅಥವಾ ನರಗಳಿಗೆ ಸಂಬಂಧಿಸಿದ ತೊಂದರೆ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ಬಹುಪಾಲು ಕೈನಡುಕದಂಥ ಸಣ್ಣ ತೊಂದರೆಗಳು. ಕೆಲವು ಮಾತ್ರ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ ತರುವಂಥವು. ಆರಂಭದಲ್ಲಿ ಎರಡೂ ಒಂದೇ ಬಗೆಯಾಗಿ ತೋರುವುದರಿಂದ ಮನೆಯವರು ಮೋಸ ಹೋಗುತ್ತಾರೆ.

ಕಸಿಯಾದ ವ್ಯಕ್ತಿಯ ತಲೆನೋವು, ನಡುಕ, ಮರೆವು, ಮಂಪರು ಅಥವಾ ಮೂರ್ಛೆಯನ್ನು ಬೇರೆಯವರ ತೊಂದರೆಯಂತೆ ಕಾಣಬಾರದು ಎಂಬುದೇ ಈ ಬರಹದ ಮುಖ್ಯ ಮಾತು. ಪಿತ್ತ, ಬಿಸಿಲು, ನಿಶ್ಶಕ್ತಿ, ದೃಷ್ಟಿ ಎಂದು ತಳ್ಳಿಹಾಕುವ ಅವಕಾಶ ಅವರ ವಿಷಯದಲ್ಲಿಲ್ಲ. ಹೊಸ ಲಕ್ಷಣವೊಂದು ಕಂಡಾಗ, ಅದಕ್ಕೊಂದು ಹೊಸ ಮಾತ್ರೆ ಹೊಟ್ಟೆಗೆ ಹೋಗುವ ಮೊದಲು ಕಸಿ ಮಾಡಿದ ತಂಡಕ್ಕೆ ಒಂದು ಫೋನ್ ಹೋಗಬೇಕು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಇಷ್ಟು ದೂರದಲ್ಲಿ ಇರುವವರಿಗೆ ಮುನ್ನೆಚ್ಚರಿಕೆಯೇ ಅರ್ಧ ಚಿಕಿತ್ಸೆ. ಇಲ್ಲಿ ಬರೆದಿರುವುದು ವೈದ್ಯರ ಮಾತಿಗೆ ಬದಲಿಯಲ್ಲ. ವೈದ್ಯರನ್ನು ಯಾವಾಗ, ಯಾವ ಮಾಹಿತಿಯೊಂದಿಗೆ ತಲುಪಬೇಕು ಎಂಬುದಕ್ಕೆ ಮಾರ್ಗಸೂಚಿ.

ಮೊದಲ ವಾರದ ಸಿದ್ಧತೆ

ಒಂದು ದಪ್ಪ ಹಾಳೆಯನ್ನು ತೆಗೆದುಕೊಂಡು ಅದರಲ್ಲಿ ಕಸಿಯಾದ ಅಂಗ, ಕಸಿಯಾದ ದಿನಾಂಕ, ಆಸ್ಪತ್ರೆಯ ಹೆಸರು, ಕಸಿ ಸಂಯೋಜಕರ ಹಗಲಿನ ಮತ್ತು ರಾತ್ರಿಯ ಫೋನ್ ಸಂಖ್ಯೆ, ರೋಗಿಯ ತೂಕ, ರಕ್ತದ ಗುಂಪು, ಅಲರ್ಜಿ ಇರುವ ಔಷಧಗಳು, ಈಗ ನಡೆಯುತ್ತಿರುವ ಪ್ರತಿಯೊಂದು ಔಷಧದ ಹೆಸರು, ಪ್ರಮಾಣ ಮತ್ತು ಹೊತ್ತು ಇಷ್ಟನ್ನೂ ಸ್ಪಷ್ಟವಾಗಿ ಬರೆಯಿರಿ. ಔಷಧದ ಹೆಸರುಗಳನ್ನು ಇಂಗ್ಲಿಷಿನಲ್ಲೇ, ಡಬ್ಬಿಯ ಮೇಲಿರುವಂತೆ ಬರೆಯುವುದು ಒಳ್ಳೆಯದು, ಏಕೆಂದರೆ ನಡುರಾತ್ರಿ ತುರ್ತು ವಿಭಾಗದಲ್ಲಿ ಆ ಹಾಳೆಯನ್ನು ಓದುವ ಯುವ ವೈದ್ಯರಿಗೆ ಅನುಮಾನಕ್ಕೆ ಎಡೆ ಇರಬಾರದು. ಕೆಳಗೆ ಕಳೆದ ಮೂರು ಬಾರಿಯ ಕ್ರಿಯಾಟಿನಿನ್, ಸಕ್ಕರೆ, ಸೋಡಿಯಂ, ಮೆಗ್ನೀಸಿಯಂ ಮತ್ತು ಅಂಗ ತಿರಸ್ಕೃತವಾಗದಂತೆ ಕೊಡುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಔಷಧದ ಮಟ್ಟಗಳನ್ನು ದಿನಾಂಕದೊಂದಿಗೆ ಸೇರಿಸಿ. ಹಾಳೆಯ ಒಂದು ಪ್ರತಿ ಮನೆಯ ಫ್ರಿಜ್ ಮೇಲೆ, ಒಂದು ರೋಗಿಯ ಕೈಚೀಲದಲ್ಲಿ, ಅದರ ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲಿ ಇರಲಿ. ಮಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದು ಮನೆಯಲ್ಲಿ ತಾಯಿ ಒಬ್ಬರೇ ಇರುವ ಹೊತ್ತಿನಲ್ಲೇ ತೊಂದರೆ ಬರಬಹುದು ಎಂದುಕೊಂಡೇ ಇದನ್ನು ತಯಾರಿಸಬೇಕು.

ಎರಡನೆಯ ಕೆಲಸ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ತೀರ್ಮಾನಿಸಿಕೊಳ್ಳುವುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ ಮತ್ತು ಎಸ್.ಎಸ್. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ನಿಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೆ ಒಮ್ಮೆ ಹೋಗಿ, ಸಿ.ಟಿ. ಸ್ಕ್ಯಾನ್ ರಾತ್ರಿಯೂ ಆಗುತ್ತದೆಯೇ, ಎಂ.ಆರ್.ಐ. ಇದೆಯೇ, ನರರೋಗ ತಜ್ಞರು ಮತ್ತು ಮೂತ್ರಪಿಂಡ ತಜ್ಞರು ಯಾವ ದಿನ ಸಿಗುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಜಗಳೂರು, ನ್ಯಾಮತಿ, ಹೊಸದುರ್ಗದಂಥ ಊರುಗಳಲ್ಲಿ ಇರುವವರು ದಾರಿಯ ಸಮಯವನ್ನೂ ಲೆಕ್ಕ ಹಾಕಬೇಕು. ಮೊಳಕಾಲ್ಮೂರಿನ ಕಡೆಯವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರವಾಗಬಹುದು. ಮನೆಯಲ್ಲಿ ಬಿಪಿ ಯಂತ್ರ, ಥರ್ಮಾಮೀಟರ್ ಮತ್ತು ಸಕ್ಕರೆ ನೋಡುವ ಗ್ಲುಕೋಮೀಟರ್ ಇರಲೇಬೇಕು. ಇವುಗಳ ಖರ್ಚು ದೊಡ್ಡದಲ್ಲ. ಇವು ಕೊಡುವ ಮೂರು ಅಂಕಿಗಳು ಫೋನಿನಲ್ಲಿ ಸಲಹೆ ಕೊಡುವ ವೈದ್ಯರಿಗೆ ಕಣ್ಣಿದ್ದಂತೆ.

ಕೈನಡುಕ ಮತ್ತು ರಕ್ತದಲ್ಲಿ ಔಷಧದ ಮಟ್ಟ

ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಎಂಬ ಔಷಧಗಳೇ ನರಗಳ ತೊಂದರೆಗೆ ಅತಿ ಸಾಮಾನ್ಯ ಕಾರಣ. ಇವುಗಳಿಂದ ಬೆರಳುಗಳಲ್ಲಿ ಸಣ್ಣ ನಡುಕ, ತಲೆನೋವು, ನಿದ್ರೆ ಬಾರದಿರುವುದು, ಅಂಗೈ ಅಂಗಾಲುಗಳಲ್ಲಿ ಜುಮುಜುಮು ಉಂಟಾಗುತ್ತವೆ. ಕೆಲವರಿಗೆ ಕಾಲಿನ ಮೂಳೆಗಳಲ್ಲಿ, ವಿಶೇಷವಾಗಿ ಮೊಣಕಾಲು ಮತ್ತು ಪಾದಗಳಲ್ಲಿ, ತೀವ್ರ ನೋವೂ ಬರುತ್ತದೆ. ಮಾತ್ರೆ ನುಂಗಿದ ಒಂದರಿಂದ ಮೂರು ಗಂಟೆಗಳಲ್ಲಿ ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪುವುದರಿಂದ ನಡುಕ ಆ ಹೊತ್ತಿನಲ್ಲಿ ಹೆಚ್ಚಾಗಿ ಕಾಣಬಹುದು. ಆದ್ದರಿಂದ ನಡುಕ ಯಾವ ಹೊತ್ತಿನಲ್ಲಿ, ಮಾತ್ರೆಯಾದ ಎಷ್ಟು ಸಮಯಕ್ಕೆ ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿದರೆ, ಅವರು ಔಷಧದ ಪ್ರಮಾಣವನ್ನೋ ಬಗೆಯನ್ನೋ ಬದಲಿಸಲು ಅದು ನೆರವಾಗುತ್ತದೆ.

ನಡುಕ ಹೆಚ್ಚುತ್ತಿದೆಯೇ ಕಡಿಮೆಯಾಗುತ್ತಿದೆಯೇ ಎಂದು ತಿಳಿಯಲು ಸುಲಭವಾದ ದಾರಿಯೊಂದಿದೆ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ರೋಗಿಯಿಂದ ಅವರ ಸಹಿ ಮಾಡಿಸಿ, ಕೆಳಗೆ ಒಳಗಿನಿಂದ ಹೊರಗೆ ಸುತ್ತುವ ಒಂದು ಸುರುಳಿಯನ್ನು ಬರೆಸಿ. ಸುರುಳಿ ಬರೆಸಿ ನಡುಕವನ್ನು ಅಳೆಯುವುದು ನರರೋಗ ತಜ್ಞರೂ ಅನುಸರಿಸುವ ಕ್ರಮ. ನಾಲ್ಕು ವಾರಗಳ ಸುರುಳಿಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ಕಾಣುವ ವ್ಯತ್ಯಾಸ, ‘ಸ್ವಲ್ಪ ಜಾಸ್ತಿ ಅನ್ನಿಸುತ್ತೆ ಸಾರ್’ ಎಂಬ ಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಔಷಧದ ಮಟ್ಟ ನೋಡಲು ರಕ್ತವನ್ನು ಬೆಳಗಿನ ಮಾತ್ರೆ ತೆಗೆದುಕೊಳ್ಳುವ ಮೊದಲು, ಅಂದರೆ ದಿನಕ್ಕೆರಡು ಬಾರಿ ಔಷಧ ತೆಗೆದುಕೊಳ್ಳುವವರಲ್ಲಿ ಹಿಂದಿನ ರಾತ್ರಿಯ ಮಾತ್ರೆಯಾಗಿ ಸುಮಾರು 12 ಗಂಟೆಗಳಾದ ಮೇಲೆ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಹೋಗಿ ರಕ್ತ ಕೊಟ್ಟರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಆ ಅಂಕಿಯನ್ನು ನಂಬಿ ಪ್ರಮಾಣ ಇಳಿಸಿದರೆ ಅಂಗಕ್ಕೇ ಅಪಾಯ. ನಿಮ್ಮ ಊರಿನ ಪ್ರಯೋಗಾಲಯವು ಈ ಪರೀಕ್ಷೆಯನ್ನು ತಾನೇ ಮಾಡುತ್ತದೆಯೇ ಅಥವಾ ಹೊರಗೆ ಕಳಿಸುತ್ತದೆಯೇ, ಫಲಿತಾಂಶ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊದಲೇ ಕೇಳಿ. ಮಟ್ಟ ನಿಗದಿತ ಮಿತಿಯೊಳಗೆ ಇದ್ದಾಗಲೂ ನರಗಳ ತೊಂದರೆ ಬರಬಹುದು ಎಂಬುದನ್ನೂ ನೆನಪಿಡಿ. ರಿಪೋರ್ಟ್ ‘ನಾರ್ಮಲ್’ ಬಂದಿದೆ ಎಂದು ಲಕ್ಷಣವನ್ನು ಅಲಕ್ಷಿಸಬಾರದು.

ಮಟ್ಟ ಏಕಾಏಕಿ ಏರಲು ನಮ್ಮ ಕಡೆ ಬಹಳ ಸಾಮಾನ್ಯವಾದ ಕಾರಣವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇಸಿಗೆಯಲ್ಲಿ ಬೆವರಿನಿಂದ ತೊಡೆಸಂದು, ಸೊಂಟದ ಸುತ್ತ ಹುಳುಕಡ್ಡಿ ಬರುತ್ತದೆ. ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅದು ಇನ್ನೂ ಬೇಗ ಹರಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಫ್ಲುಕೋನಜೋಲ್ ಅಥವಾ ಇಟ್ರಾಕೋನಜೋಲ್ ಮಾತ್ರೆ ಸಿಗುತ್ತದೆ. ಬೇರೆಯವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಈ ಮಾತ್ರೆಗಳು ಟ್ಯಾಕ್ರೋಲಿಮಸನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆಯುವುದರಿಂದ, ಕೆಲವೇ ದಿನಗಳಲ್ಲಿ ರಕ್ತದಲ್ಲಿ ಔಷಧದ ಮಟ್ಟ ಹಲವು ಪಟ್ಟು ಏರಬಹುದು. ಮೊದಲು ಕೈನಡುಕ, ನಂತರ ತಲೆನೋವು, ಆಮೇಲೆ ಫಿಟ್ಸ್. ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು. ಗಂಟಲುನೋವಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಮತ್ತು ಎರಿಥ್ರೊಮೈಸಿನ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಮತ್ತು ವೆರಪಮಿಲ್ ಕೂಡ ಮಟ್ಟವನ್ನು ಏರಿಸುತ್ತವೆ. ಕಸಿ ತಂಡವೇ ಕೆಲವೊಮ್ಮೆ ಇವುಗಳಲ್ಲಿ ಕೆಲವನ್ನು ಬೇಕೆಂದೇ ಕೊಟ್ಟು ಟ್ಯಾಕ್ರೋಲಿಮಸ್ ಪ್ರಮಾಣವನ್ನು ಇಳಿಸುವುದುಂಟು. ಅದು ಲೆಕ್ಕಾಚಾರದಿಂದ ಮಾಡುವ ಚಿಕಿತ್ಸೆ. ನಾವಾಗಿಯೇ ಕೊಂಡು ತಿನ್ನುವುದು ಅಪಾಯ.

ಹಣ್ಣುಗಳಲ್ಲಿ ಚಕ್ಕೋತ ಮತ್ತು ಅದರ ಜಾತಿಯದೇ ಆದ ಗ್ರೇಪ್‌ಫ್ರೂಟ್ ಎರಡನ್ನೂ ಸಂಪೂರ್ಣ ಬಿಡಬೇಕು; ಇವೂ ಔಷಧದ ಮಟ್ಟವನ್ನು ಏರಿಸುತ್ತವೆ. ನಾವು ದಿನವೂ ತಿನ್ನುವ ಸಾಮಾನ್ಯ ದ್ರಾಕ್ಷಿ ಬೇರೆ, ಅದಕ್ಕೆ ಈ ನಿಷೇಧವಿಲ್ಲ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಅಕ್ಕರೆಯಿಂದ ಕೊಡುವ ಅಮೃತಬಳ್ಳಿಯ ಕಷಾಯವೂ ಬೇಡ. ಕಸಿಯಾದವರಲ್ಲಿ ಆ ಶಕ್ತಿಯನ್ನು ಔಷಧದಿಂದ ಬೇಕೆಂದೇ ತಗ್ಗಿಸಿರುತ್ತಾರೆ. ಅಲ್ಲದೆ ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಅತ್ತೆಯವರೋ ದೊಡ್ಡಮ್ಮನೋ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಕಷ್ಟ. ಆದ್ದರಿಂದ ಮನೆಯ ಹಿರಿಯರಿಗೆ ಇದನ್ನು ಮೊದಲೇ ಕೂರಿಸಿ ತಿಳಿಸಿ ಹೇಳಬೇಕು.

ಭೇದಿಯೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿಗಿಂತ ಹೆಚ್ಚು ಭೇದಿಯಾಗಿ ಕೈನಡುಕ ಹೆಚ್ಚಾದರೆ, ಅದನ್ನು ನಿಶ್ಶಕ್ತಿಯ ನಡುಕ ಎಂದುಕೊಳ್ಳದೆ ಅಂದೇ ತಂಡಕ್ಕೆ ತಿಳಿಸಿ. ಏಪ್ರಿಲ್, ಮೇ ತಿಂಗಳ ಚಳ್ಳಕೆರೆ, ಹಿರಿಯೂರು ಕಡೆಯ ಬಿಸಿಲಿನಲ್ಲಿ ದೇಹದ ನೀರು ಬೇಗ ಆರಿಹೋಗುವುದರಿಂದ ಇದು ಇನ್ನೂ ಮುಖ್ಯ.

ಇದಕ್ಕೆ ತಿರುಗುಮುರುಗಾದ ಅಪಾಯವೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮತ್ತು ಫಿನೊಬಾರ್ಬಿಟೋನ್ ಔಷಧಗಳು ಟ್ಯಾಕ್ರೋಲಿಮಸ್ ಮಟ್ಟವನ್ನು ಇಳಿಸಿ ಅಂಗ ತಿರಸ್ಕೃತವಾಗುವಂತೆ ಮಾಡಬಹುದು. ಕ್ಷಯದ ಚಿಕಿತ್ಸೆ ಶುರುವಾದಾಗ ಕ್ಷಯ ಕೇಂದ್ರದ ವೈದ್ಯರೂ ಕಸಿ ತಂಡವೂ ಒಬ್ಬರೊಂದಿಗೊಬ್ಬರು ಮಾತನಾಡುವಂತೆ ನೋಡಿಕೊಳ್ಳುವ ಹೊಣೆ ಕೊನೆಗೆ ಮನೆಯವರ ಮೇಲೆಯೇ ಬೀಳುತ್ತದೆ. ಅದನ್ನು ಸಂಕೋಚವಿಲ್ಲದೆ ನಿರ್ವಹಿಸಿ.

ಫಿಟ್ಸ್ ಬಂದಾಗ

ರೋಗಿಗೆ ಮೂರ್ಛೆ ಬಂದು ಕೈಕಾಲು ಸೆಳೆಯತೊಡಗಿದರೆ ಮೊದಲು ಗಡಿಯಾರ ನೋಡಿ. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಕೊರಳ ಬಳಿಯ ಗುಂಡಿ ಬಿಚ್ಚಿ, ಅಕ್ಕಪಕ್ಕದ ಚೂಪಾದ ವಸ್ತುಗಳನ್ನು ಸರಿಸಿ. ಬಾಯಿಗೆ ಚಮಚ, ಬೆರಳು, ನೀರು, ಮಾತ್ರೆ ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇವುಗಳಿಂದ ಸೆಳೆತ ನಿಲ್ಲುವುದಿಲ್ಲ. ಅಷ್ಟು ಹೊತ್ತು ವ್ಯರ್ಥವಾಗುತ್ತದೆ. ಒಬ್ಬರು ರೋಗಿಯ ಬಳಿ ಇರಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ಸಾಧ್ಯವಾದರೆ ಮೂರನೆಯವರು ಮೊಬೈಲಿನಲ್ಲಿ ವಿಡಿಯೊ ಮಾಡಲಿ, ಏಕೆಂದರೆ ಸೆಳೆತ ಯಾವ ಕಡೆಯಿಂದ ಶುರುವಾಯಿತು ಎಂಬುದು ತಜ್ಞರಿಗೆ ಬಹಳ ಮುಖ್ಯ. ಐದು ನಿಮಿಷ ದಾಟಿದ ಸೆಳೆತ ಅಥವಾ ಎಚ್ಚರವಾಗದೆ ಮರುಕಳಿಸಿದ ಸೆಳೆತ ಅತ್ಯಂತ ಅಪಾಯಕಾರಿ. ಆದರೆ ಕಸಿಯಾದವರಲ್ಲಿ ಒಂದೇ ನಿಮಿಷದಲ್ಲಿ ನಿಂತ ಮೊದಲ ಫಿಟ್ಸ್ ಕೂಡ ತುರ್ತು ಸ್ಥಿತಿಯೇ. ‘ಈಗ ಸರಿಹೋದರಲ್ಲ’ ಎಂದು ಮನೆಯಲ್ಲೇ ಉಳಿಯಬಾರದು.

ಈ ಸ್ಥಿತಿಯಲ್ಲಿ ಸ್ವಂತ ಕಾರಿನಲ್ಲಿ ಹೆದ್ದಾರಿ ಹಿಡಿದು ನೇರವಾಗಿ ಬೆಂಗಳೂರಿಗೆ ಹೊರಡುವುದು ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ಅಪಾಯ. ಸಿರಾ ದಾಟುವ ಮೊದಲೇ ಮತ್ತೊಮ್ಮೆ ಸೆಳೆತ ಬಂದರೆ ಕಾರಿನಲ್ಲಿ ಆಮ್ಲಜನಕವೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಫಿಟ್ಸ್, ಪ್ರಜ್ಞೆ ತಪ್ಪುವುದು, ಲಕ್ವ ಈ ಮೂರರಲ್ಲಿ ಮೊದಲು ಸಿ.ಟಿ. ಇರುವ ಹತ್ತಿರದ ಆಸ್ಪತ್ರೆ, ಸ್ಥಿತಿ ಹತೋಟಿಗೆ ಬಂದ ನಂತರ ಆಂಬುಲೆನ್ಸಿನಲ್ಲಿ ಕಸಿ ಕೇಂದ್ರ. ಈ ಕ್ರಮವನ್ನು ಬದಲಿಸಬೇಡಿ.

ಆಸ್ಪತ್ರೆಯಲ್ಲಿ ನಿಮ್ಮ ಹಾಳೆಯನ್ನು ಕೊಟ್ಟು ‘ಇವರಿಗೆ ಕಸಿಯಾಗಿದೆ, ಟ್ಯಾಕ್ರೋಲಿಮಸ್ ನಡೆಯುತ್ತಿದೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಸೆಳೆತ ನಿಲ್ಲಿಸಲು ತಕ್ಷಣ ಕೊಡುವ ಇಂಜೆಕ್ಷನ್ನಿಗೆ ಅಡ್ಡಿ ಮಾಡಬೇಡಿ, ಅದು ಜೀವ ಉಳಿಸುವ ಔಷಧ. ಮುಂದೆ ದಿನವೂ ಕೊಡುವ ಔಷಧವನ್ನು ಆರಿಸುವಾಗ ಮಾತ್ರ ಕಸಿ ತಂಡದೊಂದಿಗೆ ಮಾತನಾಡುವಂತೆ ಕೇಳಿಕೊಳ್ಳಿ. ಲೆವೆಟಿರಾಸಿಟಮ್ ಎಂಬ ಔಷಧ ಟ್ಯಾಕ್ರೋಲಿಮಸ್ ಮಟ್ಟವನ್ನು ಅಷ್ಟಾಗಿ ಕದಲಿಸದ ಕಾರಣ ಅದನ್ನು ಹೆಚ್ಚಾಗಿ ಆರಿಸುತ್ತಾರೆ. ಅದರ ಪ್ರಮಾಣವನ್ನು ಮೂತ್ರಪಿಂಡದ ಶಕ್ತಿಗೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ರಕ್ತದ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಪರೀಕ್ಷೆಯನ್ನೂ ಕೇಳಿ, ಏಕೆಂದರೆ ಟ್ಯಾಕ್ರೋಲಿಮಸ್ ದೇಹದ ಮೆಗ್ನೀಸಿಯಮನ್ನು ಮೂತ್ರದಲ್ಲಿ ಹರಿಯಗೊಡುತ್ತದೆ, ಮತ್ತು ಅದು ತೀರ ಕಡಿಮೆಯಾದಾಗ ಫಿಟ್ಸ್ ಬರುತ್ತದೆ.

ಫಿಟ್ಸಿಗೆ ಮುನ್ನ ಒಂದೆರಡು ದಿನ ತಲೆನೋವು, ಬಿಪಿ ಏರಿಕೆ, ಕಣ್ಣು ಮಂಜಾಗುವುದು ಅಥವಾ ಕೆಲಹೊತ್ತು ಪೂರ್ತಿ ಕಾಣದಿರುವುದು, ಅರೆಮಂಪರು ಇದ್ದರೆ, ಮಿದುಳಿನ ಹಿಂಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವ ಪ್ರೆಸ್ (PRES) ಎಂಬ ಸ್ಥಿತಿಯನ್ನು ವೈದ್ಯರು ಅನುಮಾನಿಸುತ್ತಾರೆ. 1996ರಲ್ಲಿ ವೈದ್ಯಕೀಯ ಲೋಕಕ್ಕೆ ಸ್ಪಷ್ಟವಾಗಿ ಪರಿಚಯವಾದ ಈ ಸ್ಥಿತಿಯಲ್ಲಿ ಸಿ.ಟಿ. ಸರಿಯಾಗಿಯೇ ಕಾಣಬಹುದು, ಎಂ.ಆರ್.ಐ.ನಲ್ಲಿ ಮಾತ್ರ ಸ್ಪಷ್ಟವಾಗುತ್ತದೆ. ಬಿಪಿ ಹೆಚ್ಚಿಲ್ಲದೆಯೂ ಇದು ಬರುವುದುಂಟು. ಬೇಗ ಗುರುತಿಸಿ, ಬಿಪಿ ಹತೋಟಿಗೆ ತಂದು, ಕಾರಣವಾದ ಔಷಧವನ್ನು ಇಳಿಸಿದರೆ ಅಥವಾ ಬದಲಿಸಿದರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಹೋದ ದೃಷ್ಟಿಯೂ ಮರಳುತ್ತದೆ. ತಡವಾದರೆ ಮಿದುಳಿನ ಆ ಭಾಗಕ್ಕೆ ಶಾಶ್ವತ ಹಾನಿಯಾಗಬಹುದು. ಹೀಗಾಗಿ ಕಸಿಯಾದವರು ‘ಕಣ್ಣು ಮಬ್ಬಾಗಿದೆ’ ಎಂದಾಗ ಕನ್ನಡಕದ ಅಂಗಡಿಗೆ ಹೋಗುವ ಮೊದಲು ಬಿಪಿ ನೋಡಿ, ತಂಡಕ್ಕೆ ಫೋನ್ ಮಾಡಿ. ಬಿಪಿ ಎಷ್ಟು ದಾಟಿದರೆ ಕರೆ ಮಾಡಬೇಕು ಎಂಬ ಅಂಕಿಯನ್ನು ತಂಡದಿಂದಲೇ ಕೇಳಿ ಹಾಳೆಯಲ್ಲಿ ಬರೆದಿಟ್ಟಿರಿ.

ಗೊಂದಲ, ಮಂಪರು, ಲಕ್ವ

ಅಸಂಬದ್ಧವಾಗಿ ಮಾತನಾಡುವುದು, ಹಗಲು ರಾತ್ರಿಯ ಪರಿವೆ ಇಲ್ಲದಿರುವುದು, ಮನೆಯವರ ಗುರುತು ಹತ್ತದಿರುವುದು ಕಂಡರೆ ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ. ಸ್ಟೆರಾಯ್ಡ್ ಮತ್ತು ಟ್ಯಾಕ್ರೋಲಿಮಸ್‌ಗಳಿಂದ ಹೊಸದಾಗಿ ಸಕ್ಕರೆ ಕಾಯಿಲೆ ಬಂದು ಇನ್ಸುಲಿನ್ ಪಡೆಯುತ್ತಿರುವವರಲ್ಲಿ ಸಕ್ಕರೆ 70ಕ್ಕಿಂತ ಇಳಿದರೆ ಇದೇ ಲಕ್ಷಣಗಳು ಬರಬಹುದು. ಎಚ್ಚರವಿದ್ದು ನುಂಗಲು ಬರುವವರಿಗೆ ಸಕ್ಕರೆ ನೀರು ಕೊಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ಸರಿಯಿದ್ದೂ ಗೊಂದಲವಿದ್ದರೆ ಸೋಂಕು, ಸೋಡಿಯಂ ಏರುಪೇರು, ಅಂಗದ ವೈಫಲ್ಯ, ಔಷಧದ ವಿಷಪ್ರಭಾವ ಇವುಗಳಲ್ಲಿ ಯಾವುದೂ ಆಗಿರಬಹುದು; ಅದನ್ನು ಮನೆಯಲ್ಲಿ ತೀರ್ಮಾನಿಸಲಾಗದು. ಮೂತ್ರಪಿಂಡ ಪೂರ್ತಿ ಕೆಲಸ ಮಾಡದವರಲ್ಲಿ ನರನೋವಿಗೆ ಕೊಡುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್, ಸೋಂಕಿಗೆ ಕೊಡುವ ಸೆಫೆಪಿಮ್ ಇಂಜೆಕ್ಷನ್ ದೇಹದಲ್ಲಿ ಉಳಿದುಕೊಂಡು ಮಂಪರು, ಗೊಂದಲ ಮತ್ತು ಮೈ ಜಗ್ಗುವಿಕೆಯನ್ನು ತರುತ್ತವೆ ಎಂಬುದನ್ನೂ ತಿಳಿದಿರಿ. ಹಿಂದಿನ ವಾರ ಶುರುವಾದ ಹೊಸ ಔಷಧ ಯಾವುದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಸಿದ್ಧವಿರಬೇಕು.

ಯಕೃತ್ತಿನ ಕಸಿಯಾದ ಮೊದಲ ದಿನಗಳಲ್ಲಿ, ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಸೋಡಿಯಂ ವೇಗವಾಗಿ ಏರಿದ್ದರಿಂದ ಮಿದುಳಿನ ಕಾಂಡಕ್ಕೆ ಹಾನಿಯಾಗಿ ಮಾತು, ನುಂಗುವಿಕೆ, ಕೈಕಾಲುಗಳ ಚಲನೆ ನಿಲ್ಲುವ ಅಪರೂಪದ ಸ್ಥಿತಿಯೊಂದಿದೆ. ಅದನ್ನು ತಡೆಯುವ ಕೆಲಸ ವೈದ್ಯರದು. ಶಸ್ತ್ರಚಿಕಿತ್ಸೆಗೆ ಮೊದಲು ಸೋಡಿಯಂ ತೀರ ಕಡಿಮೆ ಇದ್ದವರ ಮನೆಯವರು ಈ ಬಗ್ಗೆ ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ.

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಹೃದಯದ ಕಸಿಯಾದವರಲ್ಲಿ, ಬಿಪಿ ಮತ್ತು ಸಕ್ಕರೆ ಇರುವವರಲ್ಲಿ ಇದರ ಸಂಭವ ಹೆಚ್ಚು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಇತ್ತೀಚೆಗಷ್ಟೇ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಅದನ್ನು ಕೊಡಲಾಗದೆ ಇರಬಹುದು. ಆಗಲೂ ದೊಡ್ಡ ರಕ್ತನಾಳದ ಹೆಪ್ಪನ್ನು ರಕ್ತನಾಳದೊಳಗೆ ತೂರಿಸುವ ಸಣ್ಣ ನಳಿಗೆಯ ಮೂಲಕ ತೆಗೆಯುವ ಚಿಕಿತ್ಸೆ ಕೆಲವರಿಗೆ ಸಾಧ್ಯವಿದೆ. ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರು, ಎಷ್ಟು ಗಂಟೆಗೆ ನೋಡಿದರು ಎಂಬುದೇ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ. ಲಕ್ವಕ್ಕೆ ನಾಟಿ ಔಷಧ ಕೊಡುವ ಊರುಗಳಿಗೆ ಹೋಗಿಬರುವಷ್ಟರಲ್ಲಿ ಈ ಅವಧಿ ಮುಗಿದುಹೋಗಿರುತ್ತದೆ. ಇದನ್ನು ಎಷ್ಟು ಬಾರಿ ಹೇಳಿದರೂ ಕಡಿಮೆಯೇ.

ನಿಧಾನವಾಗಿ ಬರುವ ತಲೆನೋವು

ಮಿದುಳಿನ ಸೋಂಕು ಕಸಿಯಾದವರಲ್ಲಿ ಮರೆಯಲ್ಲೇ ಬೆಳೆಯುತ್ತದೆ. ರೋಗನಿರೋಧಕ ಶಕ್ತಿ ತಗ್ಗಿರುವುದರಿಂದ ಜೋರು ಜ್ವರವಾಗಲಿ ಕತ್ತು ಬಿಗಿಯುವುದಾಗಲಿ ಇಲ್ಲದೆಯೇ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಇರಬಹುದು. ವಾರಗಟ್ಟಲೆ ಬಿಡದ ಮಂದ ತಲೆನೋವು, ಸಂಜೆ ಸ್ವಲ್ಪ ಮೈ ಬಿಸಿ, ವಾಂತಿ, ತೂಕ ಇಳಿಯುವುದು, ಸ್ವಭಾವ ಬದಲಾಗುವುದು ಇಷ್ಟೇ ಸುಳಿವು. ನಮ್ಮ ದೇಶದಲ್ಲಿ ಇಂಥ ತಲೆನೋವಿಗೆ ಕ್ಷಯವನ್ನು ಮೊದಲು ನೆನೆಯಬೇಕು. ನಂತರ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವನ್ನು. ಎರಡನೆಯದು ಹೆಚ್ಚಾಗಿ ಕಸಿಯಾಗಿ ಆರು ತಿಂಗಳು ಕಳೆದ ಮೇಲೆ, ಎಲ್ಲವೂ ಸರಿಹೋಯಿತು ಎಂದು ಎಲ್ಲರೂ ನಿರಾಳವಾಗಿರುವ ಹೊತ್ತಿನಲ್ಲಿ ಬರುತ್ತದೆ. ಒಂದು ವಾರ ದಾಟಿದ ತಲೆನೋವಿಗೆ ಮಾತ್ರೆ ನುಂಗುತ್ತಾ ಕೂರಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಟ್ಯಾಕ್ರೋಲಿಮಸ್ ಜೊತೆ ಸೇರಿ ಮೂತ್ರಪಿಂಡವನ್ನು ಕೆಡಿಸುವುದರಿಂದ ಅವಂತೂ ಬೇಡವೇ ಬೇಡ. ಪ್ಯಾರಸಿಟಮಾಲನ್ನೂ ತಂಡ ಹೇಳಿದ ಮಿತಿಯಲ್ಲೇ ಕೊಡಿ.

ಇಂಥ ಸಂದರ್ಭದಲ್ಲಿ ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕೆಂದು ಹೇಳಿದರೆ ಹೆದರಿ ನಿರಾಕರಿಸಬೇಡಿ. ಅದರಿಂದ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಸೂಜಿ ಹಾಕುವ ಜಾಗ ಬೆನ್ನುಹುರಿ ಮುಗಿಯುವ ತಾಣಕ್ಕಿಂತ ಕೆಳಗಿರುತ್ತದೆ. ಕ್ಷಯ, ಶಿಲೀಂಧ್ರ, ಬ್ಯಾಕ್ಟೀರಿಯಾ ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಆ ನೀರನ್ನು ಪರೀಕ್ಷಿಸದೆ ಕೊಡುವ ಚಿಕಿತ್ಸೆ ಊಹೆಯ ಮೇಲೆ ನಡೆಯುತ್ತದೆ.

ತಡೆಯುವ ವಿಷಯದಲ್ಲಿ ನಮ್ಮ ಪ್ರದೇಶಕ್ಕೆ ಹೊಂದುವ ಕೆಲವು ಮಾತುಗಳಿವೆ. ಕ್ರಿಪ್ಟೊಕಾಕಸ್ ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುತ್ತದೆ. ಧಾನ್ಯದ ಗೋದಾಮು, ಹಳೆಯ ಮನೆಯ ಅಟ್ಟ, ಕೋಟೆಯ ಕತ್ತಲ ಮೂಲೆ ಇಂಥ ಕಡೆಗಳಲ್ಲಿ ಒಣ ಹಿಕ್ಕೆಯನ್ನು ಗುಡಿಸುವ ಕೆಲಸ ಕಸಿಯಾದವರದಾಗಬಾರದು. ಮೆಕ್ಕೆಜೋಳದ ಒಕ್ಕಣೆಯ ದೂಳು ಮತ್ತು ಬೂಸ್ಟು ಹಿಡಿದ ಮೇವಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇರುತ್ತದೆ, ಮಣ್ಣಿನಲ್ಲಿ ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಇವೆರಡೂ ಮೊದಲು ಶ್ವಾಸಕೋಶಕ್ಕೆ ಇಳಿದು ಅಲ್ಲಿಂದ ಮಿದುಳಿಗೆ ಏರಬಲ್ಲವು. ರೈತರು ಹೊಲಕ್ಕೆ ಮರಳುವ ದಿನವನ್ನು ತಂಡದೊಂದಿಗೆ ಮಾತನಾಡಿಯೇ ನಿಶ್ಚಯಿಸಬೇಕು, ಮರಳಿದ ಮೇಲೂ ಒಕ್ಕಣೆಯ ಹೊತ್ತಿನಲ್ಲಿ ದೂರವಿರಬೇಕು. ಕಾಯಿಸದ ಹಾಲು ಮತ್ತು ಅದರಿಂದ ತೆಗೆದ ಹಸಿ ಬೆಣ್ಣೆಯಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದೂ ಮೆನಿಂಜೈಟಿಸ್ ತರುತ್ತದೆ. ದಾವಣಗೆರೆಯವರಿಗೆ ಬೆಣ್ಣೆ ದೋಸೆ ಬಿಡಿ ಎನ್ನುವುದು ಕಷ್ಟದ ಮಾತು. ಮೇಲೆ ಇಡುವ ಹಸಿ ಬೆಣ್ಣೆಯ ಮುದ್ದೆಯ ಬದಲು ಮನೆಯಲ್ಲಿ ಕಾಯಿಸಿದ ತುಪ್ಪದ ದೋಸೆ ತಿನ್ನಲಿ.

ಸರ್ಪಸುತ್ತು ಬಂದರೆ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸುವ ರೂಢಿ ನಮ್ಮಲ್ಲಿದೆ. ಕಸಿಯಾದವರಲ್ಲಿ ಇದು ಬೇರೆ ಕಡೆಗೂ, ಕಣ್ಣಿಗೂ, ಅಪರೂಪಕ್ಕೆ ಮಿದುಳಿಗೂ ಹರಡಬಲ್ಲದು. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರೋಧಿ ಔಷಧ ಶುರುವಾಗಬೇಕು. ಹಣೆ ಅಥವಾ ಕಣ್ಣಿನ ಬಳಿ ಗುಳ್ಳೆಯಿದ್ದರೆ ಅದೇ ದಿನ. ಈ ಔಷಧದ ಪ್ರಮಾಣವೂ ಮೂತ್ರಪಿಂಡಕ್ಕೆ ತಕ್ಕಂತೆ ಇರಬೇಕು.

ಕೈಕಾಲಿನ ನರಗಳು ಮತ್ತು ಮನಸ್ಸು

ಮೂತ್ರಪಿಂಡದ ಕಸಿಯಾದ ಮೊದಲ ದಿನಗಳಲ್ಲಿ ಆ ಕಡೆಯ ತೊಡೆ ಮರಗಟ್ಟುವುದು, ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯುವುದು ಉಂಟು. ಶಸ್ತ್ರಚಿಕಿತ್ಸೆಯ ವೇಳೆ ತೊಡೆಯ ನರ ಒತ್ತಿರುವುದು ಇದಕ್ಕೆ ಕಾರಣ. ಬಹುಪಾಲು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಷ್ಟು ಕಾಲ ಫಿಸಿಯೋಥೆರಪಿ ಬಿಡಬಾರದು, ಬೀಳದಂತೆ ನೋಡಿಕೊಳ್ಳಬೇಕು. ಕುಳಿತಲ್ಲಿಂದ ಏಳಲು ಕಷ್ಟವಾದರೆ ಅದು ಸ್ಟೆರಾಯ್ಡಿನಿಂದ ಸ್ನಾಯು ಸೊರಗಿದ್ದರಿಂದಲೂ ಆಗಿರಬಹುದು. ಡಯಾಲಿಸಿಸ್ ಕಾಲದಲ್ಲಿ ಪಾದಗಳಲ್ಲಿದ್ದ ಉರಿ ಮತ್ತು ಜೋಮು ಮಾತ್ರ ಮೂತ್ರಪಿಂಡದ ಕಸಿಯ ನಂತರ ಹಲವರಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ.

ಸ್ಟೆರಾಯ್ಡ್ ಪ್ರಮಾಣ ಹೆಚ್ಚಿರುವ ದಿನಗಳಲ್ಲಿ ನಿದ್ರೆ ಕೆಡುತ್ತದೆ, ಸಿಟ್ಟು ಬರುತ್ತದೆ, ಕೆಲವರು ಅತಿಯಾಗಿ ಮಾತನಾಡುತ್ತಾರೆ, ಕೆಲವರಿಗೆ ಇಲ್ಲದ್ದು ಕೇಳಿಸುತ್ತದೆ, ಕಾಣಿಸುತ್ತದೆ. ಇದು ಗಾಳಿ ಸೋಕಿದ್ದಲ್ಲ, ಔಷಧದ ಪರಿಣಾಮ. ತಂಡಕ್ಕೆ ಹೇಳಿದರೆ ದಾರಿಯಿದೆ. ಸ್ಟೆರಾಯ್ಡನ್ನು ನೀವಾಗಿಯೇ ನಿಲ್ಲಿಸುವುದು ಮಾತ್ರ ಜೀವಕ್ಕೇ ಕುತ್ತು. ಮಡದಿಯೋ ತಾಯಿಯೋ ಅಂಗ ಕೊಟ್ಟಿರುವ ಮನೆಗಳಲ್ಲಿ, ಪಡೆದವರು ‘ನನ್ನಿಂದ ಅವರಿಗೂ ಕಷ್ಟ’ ಎಂದು ಒಳಗೊಳಗೇ ಕೊರಗುವುದುಂಟು. ಅವರು ಮಾತು ಕಡಿಮೆ ಮಾಡಿ, ಮಾತ್ರೆ ಮರೆಯತೊಡಗಿದರೆ ಅದನ್ನು ಸೋಮಾರಿತನ ಎನ್ನಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಫೋನಿನಲ್ಲಿ ಏನು ಹೇಳಬೇಕು, ಮರಳಿದ ಮೇಲೆ ಏನು ಮಾಡಬೇಕು

ಕಸಿ ಸಂಯೋಜಕರಿಗೆ ಕರೆ ಮಾಡಿದಾಗ ಗಾಬರಿಯಲ್ಲಿ ಮಾತು ಚದುರಿಹೋಗುತ್ತದೆ. ಹೀಗೆ ಹೇಳುವ ಅಭ್ಯಾಸ ಮಾಡಿಕೊಳ್ಳಿ: ‘ಮೇಡಂ, ನಾವು ದಾವಣಗೆರೆಯಿಂದ ಮಾತಾಡ್ತಿದ್ದೀವಿ. ನಮ್ಮ ಯಜಮಾನರಿಗೆ ನಾಲ್ಕು ತಿಂಗಳ ಹಿಂದೆ ನಿಮ್ಮಲ್ಲಿ ಕಿಡ್ನಿ ಕಸಿ ಆಗಿದೆ. ನಿನ್ನೆ ಸಂಜೆಯಿಂದ ತಲೆನೋವು, ಇವತ್ತು ಬೆಳಿಗ್ಗೆಯಿಂದ ಕಣ್ಣು ಮಂಜು. ಈಗ ಬಿಪಿ ಇಷ್ಟು, ಜ್ವರ ಇಷ್ಟು, ಸಕ್ಕರೆ ಇಷ್ಟು. ಹೋದ ವಾರ ಈ ಹೊಸ ಮಾತ್ರೆ ಶುರು ಮಾಡಿದ್ರು. ಟ್ಯಾಕ್ರೋಲಿಮಸ್ ಕೊನೆಯ ಮಟ್ಟ ಇಷ್ಟು. ಇವತ್ತಿನ ಬೆಳಗಿನ ಮಾತ್ರೆ ಇನ್ನೂ ಕೊಟ್ಟಿಲ್ಲ.’ ಇಷ್ಟರಲ್ಲಿ ಬೇಕಾದುದೆಲ್ಲ ಬಂತು. ಸ್ಥಳೀಯ ವೈದ್ಯರ ಬಳಿ ಇದ್ದರೆ ಫೋನನ್ನು ಅವರ ಕೈಗೇ ಕೊಟ್ಟು ಇಬ್ಬರೂ ನೇರವಾಗಿ ಮಾತನಾಡುವಂತೆ ಮಾಡಿ. ನಡುವೆ ನಾವು ಸುದ್ದಿ ಮುಟ್ಟಿಸುವಾಗ ಒಂದು ಔಷಧದ ಹೆಸರು ತಪ್ಪಿದರೂ ಸಾಕು, ಅಪಾಯ.

ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನವೇ ಹಳೆಯ ಹಾಳೆಯನ್ನು ಹರಿದು ಹೊಸದನ್ನು ಬರೆಯಿರಿ, ಏಕೆಂದರೆ ಇಂಥ ಸಂದರ್ಭಗಳ ನಂತರ ಔಷಧವೋ ಪ್ರಮಾಣವೋ ಬದಲಾಗಿಯೇ ಇರುತ್ತದೆ. ಟ್ಯಾಕ್ರೋಲಿಮಸ್ ಕಂಪನಿಯನ್ನು ಅಂಗಡಿಯವರು ಬದಲಿಸಿಕೊಟ್ಟರೆ ಒಪ್ಪಬೇಡಿ; ಬದಲಿಸಲೇಬೇಕಾದರೆ ತಂಡಕ್ಕೆ ತಿಳಿಸಿ, ಮಟ್ಟವನ್ನು ಮತ್ತೆ ಪರೀಕ್ಷಿಸಿ. ಫಿಟ್ಸ್ ಬಂದವರು ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರ್ ಓಡಿಸಬಾರದು, ಬಾವಿ ಕೆರೆಗಳಲ್ಲಿ ಒಬ್ಬರೇ ಇಳಿಯಬಾರದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮಾಡಬಾರದು. ಪ್ರೆಸ್‌ನಿಂದ ಫಿಟ್ಸ್ ಬಂದವರಲ್ಲಿ ಅನೇಕರಿಗೆ ಮಿದುಳಿನ ಊತ ಪೂರ್ತಿ ಇಳಿದ ಮೇಲೆ ಫಿಟ್ಸಿನ ಮಾತ್ರೆ ಜೀವನಪರ್ಯಂತ ಬೇಕಾಗುವುದಿಲ್ಲ. ಆದರೆ ಅದನ್ನು ಯಾವಾಗ, ಯಾವ ವೇಗದಲ್ಲಿ ಇಳಿಸಬೇಕು ಎಂಬುದನ್ನು ನರರೋಗ ತಜ್ಞರೂ ಕಸಿ ತಂಡವೂ ಕೂಡಿ ನಿರ್ಧರಿಸಬೇಕು. ಅವರು ದಿನಾಂಕ ಬರೆದುಕೊಡುವವರೆಗೆ ಒಂದು ಹೊತ್ತನ್ನೂ ತಪ್ಪಿಸದೆ ಮಾತ್ರೆ ಮುಂದುವರಿಸಿ.